ಮಾರಾಟಕ್ಕಿರುವ ಮಹಲು, ಬರಹದಲ್ಲಿಲ್ಲದ ಬಾಬತ್ತು

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ, ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮಾರಾಟಕ್ಕೆ ಬಂದಿರುವ ಹಳೆಯ ಮಹಲೊಂದನ್ನು ಕುರಿತ ಸಚಿತ್ರ ಬರಹ ಪ್ರಕಟವಾಗಿದೆ. ಮಲಗುವ ಕೋಣೆಗಳೆಷ್ಟು, ಜಮೀನು ಎಷ್ಟು ಎಕರೆ, ಬೆಲೆ ನಮ್ಮ ರೂಪಾಯಿ ಲೆಕ್ಕದಲ್ಲಿ ಎಷ್ಟು ಕೋಟಿ ಎಂಬುದೆಲ್ಲ ಅದರಲ್ಲಿದೆ. ‘ಸಂಪೂರ್ಣ ಜೀರ್ಣೋದ್ಧಾರಗೊಂಡಿದೆ’ ಎಂಬ ಮಾತು ಎರಡು ಸಲ ಬಂದಿದೆ. ಕೊನೆಯಲ್ಲಿ, ಊಟವಾದ ಮೇಲೆ ಬಾಳೆಹಣ್ಣು ಬಡಿಸಿದ ಹಾಗೆ, ‘ಸುಂದರ ಉದ್ಯಾನವೂ ಉಂಟು’ ಎಂದು ಒಂದು ಸಾಲು. ದಲ್ಲಾಳಿಯೊಬ್ಬರು ಹಂಚಿದ ಪತ್ರಕವನ್ನು ಕನ್ನಡಕ್ಕೆ ಇಳಿಸಿ ಅಚ್ಚು ಹಾಕಿದಂತಿರುವ ಈ ಬರಹವನ್ನು ಓದಿದ ಮೇಲೆ, ತೋಟಗಾರಿಕೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಸೇವೆ ಸಲ್ಲಿಸಿ ನಿವೃತ್ತನಾದ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ನೆಲೆಸಿರುವ ಮಗಳ ಮನೆಗೆ ಹೋದಾಗಲೆಲ್ಲ ಇಂಥ ಮಹಲುಗಳ ತೋಟಗಳನ್ನು ಸುತ್ತಿ ಬಂದಿರುವ ನನಗೆ, ಆ ಬರಹ ಬಿಟ್ಟುಬಿಟ್ಟ ಬಾಬತ್ತುಗಳೇ ಮುಖ್ಯವಾಗಿ ಕಂಡವು. ಪತ್ರ ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಮೊದಲು ಹೆಸರಿನ ವಿಚಾರ. ಬರಹದಲ್ಲಿ ‘ಕಂಟ್ರಿ ಹೌಸ್’ ಎಂಬುದನ್ನು ‘ತೋಟದ ಮನೆ’ ಎಂದು ಕರೆಯಲಾಗಿದೆ. ನಮ್ಮಲ್ಲಿ ತೋಟದ ಮನೆ ಎಂದರೆ ಕಾಯಿ ಸುಲಿಯುವ, ಅಡಿಕೆ ಒಣಗಿಸುವ, ಪಂಪ್‌ಸೆಟ್ ಕಾಯುವ ಜಾಗ. ಇಂಗ್ಲೆಂಡಿನ ಕಂಟ್ರಿ ಹೌಸ್ ಅದಲ್ಲ. ಸುತ್ತಲಿನ ಸಾವಿರಾರು ಎಕರೆಯ ಗೇಣಿ ಬಂದು ಸೇರುತ್ತಿದ್ದ, ಊರಿನ ನ್ಯಾಯ ಪಂಚಾಯಿತಿ ನಡೆಯುತ್ತಿದ್ದ, ಪಾರ್ಲಿಮೆಂಟಿಗೆ ಯಾರು ಹೋಗಬೇಕೆಂಬುದು ತೀರ್ಮಾನವಾಗುತ್ತಿದ್ದ ಮನೆ ಅದು. ನಮ್ಮ ಕಡೆಯಿಂದ ಹೋಲಿಕೆ ಬೇಕೆಂದರೆ ತುಳುನಾಡಿನ ಗುತ್ತಿನ ಮನೆಯನ್ನೋ ಬಯಲುಸೀಮೆಯ ದೇಸಗತಿ ವಾಡೆಯನ್ನೋ ನೆನೆಯಬಹುದು. ಅಧಿಕಾರ ಹೋಗಿ ಗೋಡೆ ಉಳಿದಿರುವುದರಲ್ಲಿಯೂ ಇವು ಮೂರಕ್ಕೂ ಹೋಲಿಕೆಯಿದೆ.

ಇನ್ನು ‘ಜೀರ್ಣೋದ್ಧಾರ’. ಈ ಪದವನ್ನು ನಾವು ದೇವಸ್ಥಾನಗಳಿಂದ ತೆಗೆದುಕೊಂಡಿದ್ದೇವೆ. ಅಲ್ಲಿ ಕಳಶ ಏರಿಸಿ ಕುಂಭಾಭಿಷೇಕ ಮಾಡಿದ ದಿನ ಕೆಲಸ ಮುಗಿಯಿತು ಎಂದರ್ಥ. ಹಳೆಯ ಮಹಲಿಗೆ, ಅದರಲ್ಲೂ ಅದರ ತೋಟಕ್ಕೆ, ಅಂಥ ದಿನವೊಂದು ಬರುವುದಿಲ್ಲ. ‘ಜೀರ್ಣೋದ್ಧಾರಗೊಂಡಿದೆ’ ಎಂದು ಬರೆದವರು ಯಾವ ಕಾಲದ ರೂಪಕ್ಕೆ ತಂದರು ಎಂಬುದನ್ನೂ ಹೇಳಬೇಕು. ಮುನ್ನೂರು ವರ್ಷ ನಿಂತ ಮನೆಗೆ ಒಂದೇ ರೂಪ ಇರುವುದಿಲ್ಲ. ಮೊಮ್ಮಗ ಕಟ್ಟಿಸಿದ ಗಾಜಿನ ಮನೆಯನ್ನು ಕೆಡವಿ ಅಜ್ಜ ನೆಟ್ಟ ಸಾಲುಮರದ ನೋಟವನ್ನು ತೆರೆಯಬೇಕೆ, ಗಾಜಿನ ಮನೆಯನ್ನೇ ಉಳಿಸಿಕೊಳ್ಳಬೇಕೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಗಾರೆ ಕೆಲಸದವರಿಗೆ ಕೆಲಸ.

ಒಂದು ಒಳ್ಳೆಯ ಉದಾಹರಣೆ ಸಾಮರ್ಸೆಟ್ ಪ್ರಾಂತ್ಯದ ಹೆಸ್ಟರ್‌ಕೂಂಬ್. ಹೊಸದಿಲ್ಲಿಯ ರಾಷ್ಟ್ರಪತಿ ಭವನದಿಂದ ನಮಗೆ ಪರಿಚಿತನಾದ ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸ್ ಅಲ್ಲಿನ ಮೆಟ್ಟಿಲು, ಜಗಲಿ, ನೀರುಕಾಲುವೆಗಳನ್ನು ರಚಿಸಿದರೆ, ಗಿಡಗಳನ್ನು ಎಲ್ಲೆಲ್ಲಿ ಯಾವ ಬಣ್ಣಕ್ಕೆ ಯಾವುದನ್ನು ಸೇರಿಸಿ ನೆಡಬೇಕೆಂದು ಬರೆದುಕೊಟ್ಟವಳು ಹೆಸರಾಂತ ತೋಟಗಾರ್ತಿ ಗರ್ಟ್ರೂಡ್ ಜೀಕಿಲ್. 1904ರಿಂದ 1908ರವರೆಗೆ ಆ ಕೆಲಸ ನಡೆಯಿತು. ಮುಂದೆ ಆ ಮನೆ ಅಗ್ನಿಶಾಮಕ ದಳದ ಕಚೇರಿಯಾಯಿತು. 1970ರ ದಶಕದಲ್ಲಿ ತೋಟವನ್ನು ಮತ್ತೆ ಕಟ್ಟಲು ಹೊರಟಾಗ, ಜೀಕಿಲ್ ಬರೆದ ನಾಟಿಯ ನಕ್ಷೆಗಳು ಕುಂಡ ತುಂಬುವ ಷೆಡ್ಡಿನ ಡ್ರಾಯರಿನಲ್ಲಿ ಸಿಕ್ಕಿದವು. ಅವು ಸಿಕ್ಕದಿದ್ದರೆ ಕಲ್ಲಿನ ಕೆಲಸ ಮಾತ್ರ ಲಟ್ಯನ್ಸನದಾಗಿ, ಹೂವು ಇಂದಿನ ನರ್ಸರಿಯವರದಾಗುತ್ತಿತ್ತು. ಜೀಕಿಲಳ ಉಳಿದ ನಕ್ಷೆಗಳ ದೊಡ್ಡ ಸಂಗ್ರಹ ಇಂಗ್ಲೆಂಡಿನಲ್ಲಿಯೇ ಇಲ್ಲ. ಅಮೆರಿಕದ ತೋಟಗಾರ್ತಿ ಬಿಯಾಟ್ರಿಕ್ಸ್ ಫ್ಯಾರಂಡ್ ಕೊಂಡುಕೊಂಡದ್ದರಿಂದ ಅದು ಈಗ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದೆ. ಸರ‍್ರೆ ಪ್ರಾಂತ್ಯದಲ್ಲಿ ಜೀಕಿಲ್ ತಾನೇ ಬಾಳಿ 1932ರಲ್ಲಿ ತೀರಿಕೊಂಡ ಮನ್‌ಸ್ಟೆಡ್ ವುಡ್ ಎಂಬ ಮನೆ ಖಾಸಗಿಯವರ ಕೈಯಲ್ಲಿತ್ತು. ಅದು ಮಾರಾಟಕ್ಕೆ ಬಂದಾಗ 2023ರಲ್ಲಿ, ಹಳೆಯ ಮನೆ-ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಕೊಂಡುಕೊಂಡಿತು. ಅವಳು ಸತ್ತ ಮೇಲೆ ಆ ತೋಟದ ಜಮೀನು ತುಂಡುತುಂಡಾಗಿ ಮಾರಾಟವಾಗಿ ಹೋಗಿದ್ದರಿಂದ, ಟ್ರಸ್ಟಿನ ಕೈಗೆ ಬಂದದ್ದು ಅವಳು ಕಂಡಿದ್ದ ತೋಟದ ಒಂದು ಪಾಲು ಮಾತ್ರ. ಹೀಗಿರುವಾಗ ‘ಸಂಪೂರ್ಣ’ ಎಂಬ ವಿಶೇಷಣವನ್ನು ಇಂಥ ಜಾಗಗಳಿಗೆ ಹಚ್ಚುವ ಮುನ್ನ ಒಂದು ಕ್ಷಣ ಯೋಚಿಸಬೇಕು.

ಕೊಳ್ಳುವವನಿಗೆ ಆ ದೇಶದ ಕಾನೂನು ಏನು ಹೊರಿಸುತ್ತದೆ ಎಂಬುದು ಬರಹದಲ್ಲಿ ಒಂದು ಸಾಲೂ ಇಲ್ಲ. ಇಂಗ್ಲೆಂಡಿನಲ್ಲಿ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯಿಂದ ಬೆಳೆದು ಬಂದು ಈಗ 1990ರ ಕಾಯಿದೆಯಲ್ಲಿ ನೆಲೆಗೊಂಡಿರುವ ವ್ಯವಸ್ಥೆಯೊಂದಿದೆ. ಐತಿಹಾಸಿಕ ಕಟ್ಟಡಗಳನ್ನು ಮೂರು ದರ್ಜೆಗಳಲ್ಲಿ ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿರುವ ಕಟ್ಟಡಗಳ ಪೈಕಿ ಮೊದಲ ದರ್ಜೆಯವು ನೂರಕ್ಕೆ ಎರಡೂವರೆಯಷ್ಟು ಮಾತ್ರ. ಪಟ್ಟಿಗೆ ಸೇರಿದ ಮನೆಯ ಹೊರಗೋಡೆಯಷ್ಟೇ ಅಲ್ಲ, ಒಳಗಿನ ಮೆಟ್ಟಿಲು, ಬಾಗಿಲು, ಗೋಡೆಗೆ ಕೂರಿಸಿದ ಅಗ್ಗಿಷ್ಟಿಕೆ ಕೂಡ ರಕ್ಷಣೆಗೆ ಒಳಪಡುತ್ತವೆ. ಮನೆಯ ಆವರಣದಲ್ಲಿ 1948ರ ಜುಲೈ 1ಕ್ಕಿಂತ ಹಿಂದೆ ಕಟ್ಟಿದ ತೋಟದ ಗೋಡೆ, ಕುದುರೆ ಲಾಯ, ಗಾಜಿನ ಮನೆಗಳಿಗೂ ಅದೇ ನಿಯಮ. ಅನುಮತಿಯಿಲ್ಲದೆ ಇವುಗಳ ಸ್ವರೂಪ ಕೆಡಿಸುವುದು ದಂಡನಾರ್ಹ ಅಪರಾಧ. ಎರಡು ವರ್ಷದವರೆಗೆ ಜೈಲೂ ಆಗಬಹುದು. ನಮ್ಮ ಓದುಗರಿಗೆ ಅಚ್ಚರಿ ಎನಿಸುವ ಸಂಗತಿ ಇನ್ನೊಂದಿದೆ. ಹಿಂದಿನ ಮಾಲೀಕ ಅನುಮತಿ ಇಲ್ಲದೆ ಕಿತ್ತುಹಾಕಿದ ಕಿಟಕಿಯನ್ನು ಮತ್ತೆ ಮೊದಲಿನಂತೆ ಕೂರಿಸಿ ಎಂಬ ನೋಟಿಸನ್ನು ಇಂದಿನ ಮಾಲೀಕನಿಗೆ ಜಾರಿ ಮಾಡಬಹುದು, ಮತ್ತು ಅದಕ್ಕೆ ಕಾಲಮಿತಿಯಿಲ್ಲ. ‘ಜೀರ್ಣೋದ್ಧಾರಗೊಂಡ’ ಮನೆಯನ್ನು ಕೊಳ್ಳುವವನು ಹಣ ಕೊಡುವ ಮುನ್ನ ಕೇಳಬೇಕಾದ ಮೊದಲ ಕಾಗದವೆಂದರೆ ಆ ಕೆಲಸಗಳಿಗೆಲ್ಲ ಸಿಕ್ಕ ಅನುಮತಿ ಪತ್ರ. ನಮ್ಮಲ್ಲಿ ಸೈಟು ಕೊಳ್ಳುವವರು ಋಣಭಾರ ಪತ್ರ ತೆಗೆಸಿ ನೋಡುವ ಹಾಗೆ ಎನ್ನಿ.

ತೆರಿಗೆಯ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ. ಪಟ್ಟಿಯಲ್ಲಿರುವ ಮನೆಗೆ ಅನುಮತಿ ಪಡೆದು ಮಾಡುವ ಮಾರ್ಪಾಟುಗಳಿಗೆ ಇದ್ದ ವ್ಯಾಟ್ ವಿನಾಯಿತಿಯನ್ನು 2012ರ ಅಕ್ಟೋಬರ್ 1ರಿಂದ ತೆಗೆದುಹಾಕಿದ್ದರಿಂದ, ದುರಸ್ತಿಯಂತೆ ಅವಕ್ಕೂ ಈಗ ನೂರಕ್ಕೆ ಇಪ್ಪತ್ತು ತೆರಬೇಕು. ಕೆಲವು ಮನೆತನಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುವ ಷರತ್ತಿನ ಮೇಲೆ ಉತ್ತರಾಧಿಕಾರ ತೆರಿಗೆಯಿಂದ ಬಿಡುಗಡೆ ಪಡೆದಿರುತ್ತವೆ; ಮನೆ ಮಾರಿದರೆ ಮುಂದೂಡಿದ ಆ ತೆರಿಗೆ ಮೇಲೆದ್ದು ಬರುತ್ತದೆ. ತೋಟದ ನಡುವೆ ಹಾದುಹೋಗುವ ಕಾಲುದಾರಿ ಸಾರ್ವಜನಿಕ ಹಕ್ಕಿನದೆಂದು ದಾಖಲಾಗಿದ್ದರೆ, ಎಷ್ಟು ಕೋಟಿ ಕೊಟ್ಟು ಕೊಂಡ ಮಾಲೀಕನಾದರೂ ಅದಕ್ಕೆ ಬೇಲಿ ಹಾಕುವಂತಿಲ್ಲ. ನಾನೂ ನನ್ನ ಹೆಂಡತಿಯೂ ಅಂಥ ದಾರಿಯಲ್ಲಿ, ಯಾರದೋ ಮಹಲಿನ ಮುಂದಿನ ಹುಲ್ಲುಗಾವಲಿನ ನಡುವೆ, ಯಾರ ಅಪ್ಪಣೆಯೂ ಇಲ್ಲದೆ ನಡೆದು ಹೋದಾಗ ಮೊದಮೊದಲು ಕಾಲು ಹಿಂಜರಿದದ್ದು ನಿಜ.

ತೋಟದ ವಿಚಾರಕ್ಕೆ ಬಂದರೆ ನಾನು ಸುಲಭವಾಗಿ ನಿಲ್ಲಿಸಲಾರೆ. ನಿಮ್ಮ ಬರಹದ ಚಿತ್ರದಲ್ಲಿ ಮನೆಯ ಮುಂದೆ ಇಳಿಜಾರಾದ ಹುಲ್ಲು, ಅಲ್ಲಲ್ಲಿ ಮರಗಳ ಗುಂಪು, ದೂರದಲ್ಲಿ ಹಾವಿನಂತೆ ಬಳುಕುವ ಕೆರೆ ಕಾಣಿಸುತ್ತವೆ. ಅಡಿಬರಹದಲ್ಲಿ ‘ಪ್ರಕೃತಿದತ್ತ ಸೌಂದರ್ಯ’ ಎಂದಿದೆ. ಆ ಬಗೆಯ ನೋಟ ಪ್ರಕೃತಿ ಕೊಟ್ಟದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ಗುದ್ದಲಿ, ಗಾಡಿಗಳಿಂದ ಮಣ್ಣು ಸಾಗಿಸಿ ಕೈಯಾರೆ ಮಾಡಿದ್ದು. ಅದರಲ್ಲಿ ಎಲ್ಲರಿಗಿಂತ ಹೆಸರು ಮಾಡಿದವನು ಲ್ಯಾನ್ಸಲಾಟ್ ಬ್ರೌನ್. ಯಾವ ಜಾಗ ನೋಡಿದರೂ ‘ಇದಕ್ಕೆ ಒಳ್ಳೆಯ ಸಾಧ್ಯತೆಯಿದೆ’ ಎನ್ನುತ್ತಿದ್ದುದರಿಂದ ‘ಕೇಪಬಿಲಿಟಿ’ ಎಂಬ ಅಡ್ಡಹೆಸರೇ ಅವನಿಗೆ ಅಂಟಿಕೊಂಡಿತು. 1783ರಲ್ಲಿ ಅವನು ತೀರಿಕೊಂಡ ಮೇಲೆ ಆ ಸ್ಥಾನಕ್ಕೆ ಬಂದ ಹಂಫ್ರಿ ರೆಪ್ಟನ್, ಈಗಿರುವ ನೋಟವನ್ನು ಬರೆದ ಮಡಚುವ ಹಾಳೆಯೊಂದನ್ನು ಚಿತ್ರದ ಮೇಲೆ ಅಂಟಿಸಿ, ಅದನ್ನು ಎತ್ತಿದರೆ ಅಡಿಯಲ್ಲಿ ಮುಂದೆ ಆಗಲಿರುವ ನೋಟ ಕಾಣುವಂತೆ ಕೆಂಪು ರಟ್ಟಿನ ಪುಸ್ತಕಗಳನ್ನು ಮಾಡಿ ಧಣಿಗಳನ್ನು ಒಪ್ಪಿಸುತ್ತಿದ್ದ. ಈಗಿನ ಬಿಲ್ಡರುಗಳ ಗಣಕಚಿತ್ರಗಳಿಗೆ ಅವನೇ ಹಿರಿಯಜ್ಜ.

ಬ್ರೌನನ ಕೆರೆ ಎಂದರೆ ಏನು? ತಗ್ಗಿನಲ್ಲಿ ಹರಿಯುವ ಹಳ್ಳಕ್ಕೆ ಅಡ್ಡಲಾಗಿ ಜೇಡಿಮಣ್ಣಿನ ಏರಿ ಹಾಕಿ, ಒಂದು ಕಡೆ ಕೋಡಿ ಬಿಟ್ಟು, ಏರಿಯ ಮೇಲೆ ಗಿಡ ನೆಟ್ಟು ಅದು ಏರಿಯೆಂದು ಗೊತ್ತಾಗದಂತೆ ಮಾಡಿದ ನೀರು. ಸೂಳೆಕೆರೆ, ಮದಗದ ಕೆರೆಗಳ ನಾಡಿನವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನಾವು ಏರಿಯನ್ನು ಬಚ್ಚಿಡುವುದಿಲ್ಲ, ಅವರು ಬಚ್ಚಿಡುತ್ತಾರೆ, ಅಷ್ಟೇ. ಕೆರೆ ಎಂದ ಮೇಲೆ ಹೂಳು ಇದ್ದದ್ದೇ. ಇನ್ನೂರೈವತ್ತು ವರ್ಷದ ಹೂಳನ್ನು ಎತ್ತಿಸುವ ಖರ್ಚು ಮನೆಯ ಮಾಡು ಬದಲಿಸುವ ಖರ್ಚಿಗೆ ಪೈಪೋಟಿ ಕೊಡುವಷ್ಟಿರುತ್ತದೆ. ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರಿಗಿಂತ ಹೆಚ್ಚು ನೀರು ನಿಲ್ಲುವ ಕೆರೆಯಾದರೆ 1975ರ ಜಲಾಶಯ ಕಾಯಿದೆ ಅನ್ವಯಿಸುತ್ತದೆ. ಒಡೆದರೆ ಜೀವಕ್ಕೆ ಅಪಾಯವೆಂದು ಗುರುತಿಸಿದ ಕೆರೆಯಾದರೆ, ಅಣೆಕಟ್ಟಿನ ಪರಿಣತ ಎಂಜಿನಿಯರರಿಂದ ಏರಿಯನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಿ, ಅವರು ಹೇಳಿದ ದುರಸ್ತಿಯನ್ನು ಮಾಲೀಕನೇ ಮಾಡಿಸಬೇಕು. ಹಂಸ ತೇಲುವ ಆ ನೀರಿನ ಜೊತೆಗೆ ಒಂದು ಅಣೆಕಟ್ಟೂ ಕ್ರಯಪತ್ರದಲ್ಲಿ ಬರುತ್ತದೆ ಎಂಬುದನ್ನು ದಲ್ಲಾಳಿಯ ಪತ್ರಕ ದಪ್ಪಕ್ಷರದಲ್ಲಿ ಹೇಳುವುದಿಲ್ಲ.

ಮರಗಳದ್ದೂ ಇದೇ ಕಥೆ. ಬ್ರೌನನ ಕಾಲದಲ್ಲಿ ನೆಟ್ಟ ಬೀಚ್ ಮರಗಳ ಆಯುಸ್ಸು ಎಲ್ಲ ಕಡೆ ಒಟ್ಟಿಗೇ ತೀರುತ್ತ ಬಂದಿದೆ, ಏಕೆಂದರೆ ಅವು ಒಂದೇ ವಯಸ್ಸಿನವು. ಎಲ್ಮ್ ಮರಗಳನ್ನು 1970ರ ದಶಕದಲ್ಲಿ ಹಬ್ಬಿದ ಡಚ್ ಎಲ್ಮ್ ರೋಗ ಕೋಟಿಗಟ್ಟಲೆ ತಿಂದುಹಾಕಿತು. 1987ರ ಅಕ್ಟೋಬರಿನ ಒಂದೇ ರಾತ್ರಿಯ ಬಿರುಗಾಳಿಗೆ ದಕ್ಷಿಣ ಇಂಗ್ಲೆಂಡಿನಲ್ಲಿ ಸುಮಾರು ಒಂದೂವರೆ ಕೋಟಿ ಮರಗಳು ಉರುಳಿದವು. ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರ ರೋಗ 2012ರಲ್ಲಿ ಅಲ್ಲಿ ಪತ್ತೆಯಾಯಿತು. ಈಗ ದಾರಿಯ ಬದಿಯಲ್ಲಿ ಬೋಳು ಕೊಂಬೆಗಳೇ ಕಾಣುತ್ತವೆ. ಇಷ್ಟಾಗಿಯೂ ತೋಟಗಳಿಗಿರುವ ಕಾನೂನಿನ ರಕ್ಷಣೆ ಮನೆಗಿಂತ ತೆಳು. 1980ರ ದಶಕದಲ್ಲಿ ಆರಂಭವಾದ ಐತಿಹಾಸಿಕ ಉದ್ಯಾನಗಳ ರಿಜಿಸ್ಟರಿನಲ್ಲಿ ಈಗ ಸುಮಾರು 1,700 ತೋಟಗಳಿವೆ. ಸುತ್ತಮುತ್ತ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಆ ರಿಜಿಸ್ಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ನಿಜ. ಆದರೆ ಪಟ್ಟಿಯಲ್ಲಿರುವ ಮನೆಯ ಬಾಗಿಲು ಬದಲಿಸಲು ಬೇಕಾಗುವಂಥ ಪ್ರತ್ಯೇಕ ಅನುಮತಿ ಹೂವಿನ ಪಾತಿಯೊಂದನ್ನು ಅಗೆದು ಹಾಕಲು ಬೇಕಿಲ್ಲ. ತೋಟವನ್ನು ಹಾಳು ಮಾಡಲು ಯಾರೂ ಏನೂ ಮಾಡಬೇಕಾಗಿಯೂ ಇಲ್ಲ. ಎರಡು ಮಳೆಗಾಲ ಸುಮ್ಮನಿದ್ದರೆ ಸಾಕು. ಇದು ನಮ್ಮ ಇಲಾಖೆಯಲ್ಲಿ ಹೊಸದಾಗಿ ಸೇರಿದ ಹುಡುಗರಿಗೂ ಗೊತ್ತಿರುವ ಮಾತು.

ಆದ್ದರಿಂದಲೇ ಇಂಥ ಮಹಲಿನ ಬಗ್ಗೆ ಬರೆಯುವಾಗ ನಾನು ಮೊದಲು ಕೇಳುವುದು ತೋಟದಲ್ಲಿ ಕೆಲಸಕ್ಕೆ ಎಷ್ಟು ಮಂದಿ ಇದ್ದಾರೆ ಎಂದು. ಕಾರ್ನ್‌ವಾಲಿನ ಹೆಲಿಗನ್ ತೋಟದಲ್ಲಿ, ಮೊದಲನೆಯ ಮಹಾಯುದ್ಧ ಶುರುವಾದ 1914ರ ಆಗಸ್ಟಿನಲ್ಲಿ ಆಳುಗಳು ತಮ್ಮ ಶೌಚದ ಕೋಣೆಯ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದ ಹೆಸರುಗಳು ಇಂದಿಗೂ ಇವೆ. ಅವರು ಯುದ್ಧಕ್ಕೆ ಹೋದರು, ಹಲವರು ಮರಳಲಿಲ್ಲ, ತೋಟ ಮುಳ್ಳುಪೊದೆಯಡಿ ಹೂತುಹೋಯಿತು. ಅದನ್ನು ಮತ್ತೆ ಬಿಡಿಸಿದ್ದು 1990ರ ದಶಕದಲ್ಲಿ. ನಮ್ಮ ಲಾಲ್‌ಬಾಗನ್ನೂ ಬೃಂದಾವನವನ್ನೂ ರೂಪಿಸಿದ ಜಿ.ಎಚ್. ಕ್ರುಂಬಿಗಲ್ ಕೂಡ ಜರ್ಮನಿಯಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಹೋಗಿ ಮಣ್ಣು ಮುಟ್ಟಿ ಕೆಲಸ ಮಾಡಿದ ಮೇಲೆಯೇ ಬರೋಡಕ್ಕೆ, ಅಲ್ಲಿಂದ ಮೈಸೂರು ಸಂಸ್ಥಾನಕ್ಕೆ ಬಂದವರು. ನಕ್ಷೆ ಬರೆಯುವವರಿಗಿಂತ ಕಳೆ ಕೀಳುವವರು ಸಿಗುವುದು ಕಷ್ಟ ಎಂಬ ಸ್ಥಿತಿ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಬೆಲೆ ಎಷ್ಟು ಮೋಸಗೊಳಿಸಬಹುದು ಎಂಬುದಕ್ಕೆ ಯಾರ್ಕ್‌ಷೈರಿನ ವೆಂಟ್ವರ್ತ್ ವುಡ್‌ಹೌಸನ್ನು ನೋಡಬೇಕು. ಅದರ ಮುಂಭಾಗದ ಉದ್ದ 606 ಅಡಿ. ಕೋಣೆಗಳು 300ಕ್ಕೂ ಹೆಚ್ಚು. ತೋಟದಲ್ಲಿ ರೆಪ್ಟನ್ ಕೈಯಾಡಿಸಿದ್ದ. 1946ರಲ್ಲಿ, ದೇಶಕ್ಕೆ ಕಲ್ಲಿದ್ದಲಿನ ತೀವ್ರ ಅಭಾವವಿದ್ದ ಹೊತ್ತಿನಲ್ಲಿ, ಇಂಧನ ಸಚಿವ ಮ್ಯಾನಿ ಷಿನ್ವೆಲ್ ಆ ಉದ್ಯಾನವನ್ನೇ ತೆರೆದ ಗಣಿ ಮಾಡಿಸಿ, ಅಗೆದ ಮಣ್ಣಿನ ರಾಶಿ ಮನೆಯ ಸಮೀಪದವರೆಗೂ ಬರುವಂತೆ ಮಾಡಿದ. ಗಣಿ ಕಾರ್ಮಿಕರೇ ಅದನ್ನು ವಿರೋಧಿಸಿದರು. ರಜೆಯ ದಿನ ತಾವು ಅಡ್ಡಾಡುತ್ತಿದ್ದ ತೋಟವದು. ಮುಂದೆ ಅದು ವ್ಯಾಯಾಮ ಶಿಕ್ಷಕಿಯರ ತರಬೇತಿ ಕಾಲೇಜಾಯಿತು, 1999ರಲ್ಲಿ ವಾಸ್ತುಶಿಲ್ಪಿಯೊಬ್ಬರು ಕೊಂಡು ದುರಸ್ತಿ ಆರಂಭಿಸಿದರು, ಅವರು ತೀರಿಕೊಂಡ ಮೇಲೆ ಮತ್ತೆ ಮಾರಾಟಕ್ಕೆ ಬಂತು. 2017ರಲ್ಲಿ ಒಂದು ಸಂರಕ್ಷಣಾ ಟ್ರಸ್ಟ್ ಅದನ್ನು 70 ಲಕ್ಷ ಪೌಂಡಿಗೆ ಕೊಂಡಿತು. ಲಂಡನ್ನಿನ ಶ್ರೀಮಂತ ಬಡಾವಣೆಯಲ್ಲಿ ಒಂದು ಒಳ್ಳೆಯ ಫ್ಲಾಟಿನ ಬೆಲೆ ಅಷ್ಟು. ಆದರೆ ತುರ್ತು ದುರಸ್ತಿಗೆಂದೇ ಸರ್ಕಾರ ಪ್ರತ್ಯೇಕವಾಗಿ ಕೊಟ್ಟ ಹಣ 76 ಲಕ್ಷ ಪೌಂಡು, ಕೊಂಡ ಬೆಲೆಗಿಂತ ಹೆಚ್ಚು. ಪೂರ್ತಿ ಕೆಲಸದ ಅಂದಾಜು ನಾಲ್ಕು ಕೋಟಿಯನ್ನೂ ದಾಟುತ್ತದೆ. ಅಗ್ಗದ ಆನೆ ಎಂದು ಕೊಂಡವನು ಕಬ್ಬಿನ ಗದ್ದೆಯನ್ನೂ ಕೊಳ್ಳಬೇಕಾಯಿತು. ಇಂಗ್ಲೆಂಡಿನಲ್ಲಿ ಕಳೆದ ಶತಮಾನದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಮಹಲುಗಳನ್ನು ಕೆಡವಿಹಾಕಿದ್ದಕ್ಕೆ 1894ರಲ್ಲಿ ಬಂದ, ಸತ್ತವರ ಆಸ್ತಿಯ ಮೇಲಿನ ಸುಂಕ ಮಾತ್ರ ಕಾರಣವಲ್ಲ, ಈ ಕಬ್ಬಿನ ಗದ್ದೆಯೂ ಕಾರಣ.

ಇಷ್ಟನ್ನೂ ಬಿಟ್ಟದ್ದನ್ನು ಕ್ಷಮಿಸಬಹುದಾಗಿತ್ತು. ನನ್ನನ್ನು ನಿಜವಾಗಿ ಈ ಪತ್ರಕ್ಕೆ ಕೂರಿಸಿದ್ದು ಬರಹದ ‘ಇತಿಹಾಸ’ ಎಂಬ ಚೌಕಟ್ಟು. ಯಾವ ಲಾರ್ಡ್ ಕಟ್ಟಿಸಿದ, ಯಾವ ರಾಣಿ ಬಂದು ತಂಗಿದ್ದಳು ಎಂದು ಅಲ್ಲಿದೆ. ಕಟ್ಟಿಸಲು ಹಣ ಎಲ್ಲಿಂದ ಬಂತು ಎಂದು ಇಲ್ಲ. ಇಂಗ್ಲಿಷ್ ದಲ್ಲಾಳಿ ಅದನ್ನು ಬಿಡುವುದು ಅವನ ಕಸುಬು. ಕನ್ನಡ ಪತ್ರಿಕೆ ಬಿಡಬೇಕಾದ ಅಗತ್ಯವಿಲ್ಲ, ಏಕೆಂದರೆ ಆ ಹಣದ ಒಂದು ಧಾರೆ ನಮ್ಮೂರಿನಿಂದಲೇ ಹರಿದಿದೆ.

2021ರ ಏಪ್ರಿಲಿನಲ್ಲಿ ಬಕಿಂಗ್‌ಹ್ಯಾಂಷೈರಿನ ಸ್ಟೋಕ್ ಪಾರ್ಕನ್ನು ರಿಲಯನ್ಸ್ ಸಂಸ್ಥೆ 5.7 ಕೋಟಿ ಪೌಂಡಿಗೆ ಕೊಂಡ ಸುದ್ದಿ ನಮ್ಮ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಬ್ರೌನ್, ರೆಪ್ಟನ್ ಇಬ್ಬರೂ ಕೆಲಸ ಮಾಡಿದ ಉದ್ಯಾನ, ವಾಸ್ತುಶಿಲ್ಪಿ ಜೇಮ್ಸ್ ವಯಟ್ ರೂಪ ಕೊಟ್ಟ ಬಿಳಿಯ ಮಹಲು, ದೀರ್ಘಕಾಲ ದುರಸ್ತಿ ಮಾಡಿ ಒಳ್ಳೆಯ ಸ್ಥಿತಿಗೆ ತಂದ ಆಸ್ತಿ. ‘ಭಾರತೀಯರು ಇಂಗ್ಲಿಷರ ಅರಮನೆ ಕೊಂಡರು’ ಎಂಬ ಹಿಗ್ಗು ಆ ವರದಿಗಳಲ್ಲಿ ಇತ್ತು. ಹಿಗ್ಗಲಿ, ನನ್ನ ಅಭ್ಯಂತರವಿಲ್ಲ. ಆದರೆ ಆ ಮಹಲನ್ನು ಕಟ್ಟಿಸಿದ ಜಾನ್ ಪೆನ್, ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೆಸರು ಕೊಟ್ಟ ಮನೆತನದವನು. ಅಮೆರಿಕ ಸ್ವತಂತ್ರವಾದಾಗ ಆ ಕುಟುಂಬದ ಅಪಾರ ಭೂಮಿ ಕೈಬಿಟ್ಟು, ಬದಲಿಗೆ 1,30,000 ಪೌಂಡು ಪರಿಹಾರ ಗೊತ್ತಾಯಿತು. ಸಮುದ್ರದಾಚೆಯ ನೆಲ ಕರಗಿ ಇಲ್ಲಿ ಕಂಬಗಳ ಸಾಲಾಯಿತು. ಪಕ್ಕದ ಚರ್ಚಿನ ಅಂಗಳದಲ್ಲಿ ಮಣ್ಣಾದ ಕವಿ ಥಾಮಸ್ ಗ್ರೇಗೆ ಅದೇ ಪೆನ್ ಒಂದು ಸ್ಮಾರಕ ಕಟ್ಟಿಸಿದ್ದು 1799ರಲ್ಲಿ.

1799 ಎಂದೊಡನೆ ಮೈಸೂರು ಸೀಮೆಯವರಿಗೆ ಬೇರೊಂದು ನೆನಪಾಗುತ್ತದೆ. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಹತನಾದಾಗ ಇಂಗ್ಲಿಷ್ ಸೇನೆಯ ಮುಖ್ಯಸ್ಥನಾಗಿದ್ದವನು ಜನರಲ್ ಜಾರ್ಜ್ ಹ್ಯಾರಿಸ್. ಖಜಾನೆಯಲ್ಲಿ ಸಿಕ್ಕಿದ್ದನ್ನು ‘ಪ್ರೈಜ್ ಮನಿ’ ಎಂಬ ಹೆಸರಿನಲ್ಲಿ ಹಂಚಿಕೊಂಡಾಗ ಅವನ ಪಾಲಿಗೆ ಬಂದದ್ದು 1,42,902 ಪೌಂಡು. ಅದೇ ಹಂಚಿಕೆಯಲ್ಲಿ ದೇಶೀ ಸಿಪಾಯಿಯೊಬ್ಬನಿಗೆ ಸಿಕ್ಕಿದ್ದು ಬೆರಳಲ್ಲಿ ಎಣಿಸುವಷ್ಟು ಪೌಂಡು. ಹ್ಯಾರಿಸ್ ತನ್ನ ದರ್ಜೆಗೆ ಸಲ್ಲುವುದಕ್ಕಿಂತ ಹೆಚ್ಚು ಪಾಲು ತೆಗೆದುಕೊಂಡನೆಂದು ಈಸ್ಟ್ ಇಂಡಿಯಾ ಕಂಪನಿಯೇ ತಕರಾರು ಎತ್ತಿತು. ವ್ಯಾಜ್ಯ ಇಂಗ್ಲೆಂಡಿನ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲಿನವರೆಗೂ ಹೋಗಿ ಅವನ ಪರವಾಗಿ ತೀರ್ಮಾನವಾಯಿತು.

ಅದೇ ವೇಳೆಗೆ ಕೆಂಟ್ ಪ್ರಾಂತ್ಯದ ಫ್ಯಾವರ್‌ಷ್ಯಾಮಿನ ಹತ್ತಿರ ಬೆಲ್ಮಾಂಟ್ ಎಂಬ ಮಹಲು ಮಾರಾಟಕ್ಕೆ ಬಂದಿತ್ತು. ಅದನ್ನು ವಿಸ್ತರಿಸಿ ಕಟ್ಟಿಸಿದ್ದವನು ಕರ್ನಲ್ ಜಾನ್ ಮಾಂಟ್ರೆಸರ್ ಎಂಬ ಸೇನಾ ಎಂಜಿನಿಯರ್. ಅಮೆರಿಕದ ಯುದ್ಧಕಾಲದ ಲೆಕ್ಕಪತ್ರಗಳಲ್ಲಿ ಸರ್ಕಾರಕ್ಕೆ ಬಾಕಿಯಿದ್ದಾನೆಂಬ ಆರೋಪಕ್ಕೆ ಸಿಲುಕಿ, 1799ರಲ್ಲಿ ಸೆರೆಮನೆಯಲ್ಲಿಯೇ ಸತ್ತ. ಸರ್ಕಾರ ಜಪ್ತಿ ಮಾಡಿದ ಆ ಮನೆಯನ್ನು 1801ರಲ್ಲಿ ಹ್ಯಾರಿಸ್ ಕೊಂಡುಕೊಂಡ. ಆ ಮನೆಯ ವಾಸ್ತುಶಿಲ್ಪಿ ಸ್ಯಾಮ್ಯುಯೆಲ್ ವಯಟ್, ಸ್ಟೋಕ್ ಪಾರ್ಕಿನ ಜೇಮ್ಸ್ ವಯಟನ ಅಣ್ಣ. 1815ರಲ್ಲಿ ಹ್ಯಾರಿಸನಿಗೆ ಸಿಕ್ಕ ಪದವಿಯ ಪೂರ್ತಿ ಹೆಸರು, ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಪ್ರಾಂತ್ಯದ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್’. ನಮ್ಮ ಊರಿನ ಹೆಸರೂ ಆ ಮನೆಯ ಹೆಸರೂ ಒಂದೇ ಬಿರುದಿನಲ್ಲಿ ಅಕ್ಕಪಕ್ಕ ಕುಳಿತಿವೆ. ನಂಟು ಅಲ್ಲಿಗೇ ಮುಗಿಯಲಿಲ್ಲ. ಮೂರನೆಯ ಬ್ಯಾರನ್ 1854ರಿಂದ 1859ರವರೆಗೆ ಮದರಾಸಿನ ಗವರ್ನರ್ ಆಗಿದ್ದ; ಅಂದರೆ ಬಳ್ಳಾರಿ, ಮಂಗಳೂರು, ಕಾರವಾರಗಳು ಅವನ ಆಡಳಿತದಲ್ಲಿದ್ದವು. ಕ್ರಿಕೆಟ್ಟಿನಲ್ಲಿ ಇಂಗ್ಲೆಂಡ್ ತಂಡದ ನಾಯಕನಾಗಿದ್ದ ನಾಲ್ಕನೆಯ ಬ್ಯಾರನ್ 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಯಪುರಗಳು ಅವನಿಗೆ ಸೇರಿದ್ದವು. ಒಂದೇ ಮನೆಯವರು ಮೂರು ತಲೆಗಳಲ್ಲಿ ಕನ್ನಡ ನಾಡಿನ ಬಹುಭಾಗದ ಮೇಲೆ ಕೈಯಿಟ್ಟಂತಾಯಿತು.

ಬೆಲ್ಮಾಂಟ್ ಈಗ ಮಾರಾಟಕ್ಕಿಲ್ಲ; ಒಂದು ಧರ್ಮಾದಾಯ ಟ್ರಸ್ಟಿನ ಕೈಯಲ್ಲಿದ್ದು, ಗೊತ್ತಾದ ದಿನಗಳಲ್ಲಿ ಯಾರು ಬೇಕಾದರೂ ಹೋಗಿ ನೋಡಬಹುದು. ನಾನು ಎರಡು ಸಲ ಹೋಗಿ ಬಂದಿದ್ದೇನೆ. ತಿಳಿಹಳದಿ ಇಟ್ಟಿಗೆಯ ಗೋಡೆಯಂತೆ ಕಾಣುವುದು ಇಟ್ಟಿಗೆಯಲ್ಲ, ಇಟ್ಟಿಗೆಯಂತೆ ತೋರಲು ಗೋಡೆಗೆ ಹೊದಿಸಿದ ಹೆಂಚು. ಐದನೆಯ ಬ್ಯಾರನ್ ಕೂಡಿಹಾಕಿದ ಗಡಿಯಾರಗಳು ಮುನ್ನೂರಕ್ಕೂ ಮಿಕ್ಕಿವೆ. ಗೋಡೆಯಿಂದ ಆವರಿಸಿದ ತೋಟ, ಶಂಕುಮರಗಳ ತೋಪು, ವಿಕ್ಟೋರಿಯಾ ಕಾಲದ ಗಾಜಿನ ಮನೆ, ಎಲ್ಲವೂ ಅಚ್ಚುಕಟ್ಟು. ವೃತ್ತಿಯ ಕಣ್ಣಿನಿಂದ ನೋಡಿ ಮೆಚ್ಚಿದೆ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಹುಲ್ಲುಹಾಸಿನ ಮೇಲೆ ನಿಂತು ಮಗಳಿಗೆ ಆ 1,42,902ರ ಲೆಕ್ಕ ಹೇಳಿದಾಗ ಅವಳು, ‘ಅಪ್ಪಾ, ಹಾಗಾದರೆ ಟಿಕೆಟ್ಟಿನಲ್ಲಿ ನಮಗೇನಾದರೂ ರಿಯಾಯಿತಿ ಸಿಗಬೇಕಿತ್ತು’ ಎಂದಳು.

ನಾನು ಯಾವ ಮನೆಯನ್ನೂ ವಾಪಸು ಕೇಳುತ್ತಿಲ್ಲ. ಮಹಲುಗಳ ಹಣದ ಮೂಲ ಕೆದಕುವುದು ಅಲ್ಲಿನವರಿಗೆ ಅವಮಾನ ಎಂದೂ ತಿಳಿಯಬೇಕಿಲ್ಲ. ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತು ಆಡಳಿತ ಮತ್ತು ಗುಲಾಮಗಿರಿಯ ಜೊತೆ ಇದ್ದ ನಂಟನ್ನು ನ್ಯಾಷನಲ್ ಟ್ರಸ್ಟ್ ತಾನೇ 2020ರಲ್ಲಿ ವರದಿಯಾಗಿ ಪ್ರಕಟಿಸಿತು. ಟಿಪ್ಪುವಿನ, ಹೂವಿನ ಅಚ್ಚಿನ ಚೀಟಿ ಬಟ್ಟೆಯ ಗುಡಾರವನ್ನು ಇಟ್ಟುಕೊಂಡಿರುವ, ಮೆಟ್ಟಿಲು ಮೆಟ್ಟಿಲಾದ ತೋಟಕ್ಕೆ ಹೆಸರಾದ ವೇಲ್ಸಿನ ಪೊವಿಸ್ ಕೋಟೆಯೂ ಅದೇ ಟ್ರಸ್ಟಿನದು. ವರದಿಗೆ ಅಲ್ಲಿ ಸಾಕಷ್ಟು ವಿರೋಧವೂ ಬಂತು. ಜಗಳವಾಡುವಷ್ಟಾದರೂ ಅದು ಅಲ್ಲಿ ಚರ್ಚೆಯ ವಿಷಯವಾಗಿದೆ. ಶ್ರೀರಂಗಪಟ್ಟಣದಿಂದ ಒಂದು ಗಳಿಗೆಯ ದಾರಿಯಲ್ಲಿ ಓದಲ್ಪಡುವ ನಮ್ಮ ಪತ್ರಿಕೆಯ ಪುರವಣಿಯಲ್ಲಿ ಆಗಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದೆ ಇಂಥ ಮಹಲಿನ ಮಾರಾಟದ ಬಗ್ಗೆ ಪ್ರಕಟಿಸುವಾಗ, ಬೆಲೆಯ ಕೆಳಗೆ ನಾಲ್ಕು ಸಾಲಿಗೆ ಜಾಗ ಕೊಡಿ. ಮನೆ ಯಾವ ದರ್ಜೆಯಲ್ಲಿ ಪಟ್ಟಿಯಾಗಿದೆ, ಉದ್ಯಾನ ರಿಜಿಸ್ಟರಿನಲ್ಲಿ ಇದೆಯೇ ಇಲ್ಲವೇ, ತೋಟದ ಕೆಲಸಕ್ಕೆ ಎಷ್ಟು ಜನ ಇದ್ದಾರೆ, ಕಟ್ಟಿಸಿದವನ ಹಣ ಎಲ್ಲಿಯದು. ನಾಲ್ಕಕ್ಕೂ ಉತ್ತರ ಹುಡುಕಲು ಒಬ್ಬ ಉಪಸಂಪಾದಕರಿಗೆ ಅರ್ಧ ದಿನ ಸಾಕು. ಮೊದಲಿನ ಎರಡು ಆ ದೇಶದ ಸಾರ್ವಜನಿಕ ದಾಖಲೆಗಳಲ್ಲಿಯೇ ಸಿಗುತ್ತವೆ.

ಜೊತೆಗೆ ಒಂದು ತಿದ್ದುಪಡಿ. ಬರಹದಲ್ಲಿ ಉದ್ಯಾನದ ವಿಶೇಷಗಳನ್ನು ಹೇಳುವಾಗ ‘ಹಾ-ಹಾ’ ಎಂಬುದನ್ನು ‘ನಗೆ ಮಂಟಪ’ ಎಂದು ಅನುವಾದಿಸಲಾಗಿದೆ. ಅದು ಮಂಟಪವಲ್ಲ. ಹುಲ್ಲುಹಾಸಿನ ಅಂಚಿನಲ್ಲಿ ಆಳವಾದ ಅಗಳು ತೋಡಿ, ಮನೆಯ ಕಡೆಯ ಬದಿಗೆ ಮಾತ್ರ ನೆಟ್ಟಗೆ ಕಲ್ಲುಕಟ್ಟಡ ಕಟ್ಟಿ, ಆಚೆಯ ಬದಿಯನ್ನು ಇಳಿಜಾರಾಗಿ ಬಿಡುತ್ತಾರೆ. ಆಚೆ ಮೇಯುವ ದನ ಒಳಗೆ ಬರಲಾರದು. ಮಹಲಿನ ಕಿಟಕಿಯಿಂದ ನೋಡುವವನಿಗೆ ಗೋಡೆಯೇ ಕಾಣದೆ, ಕಣ್ಣು ಹಾಯುವಷ್ಟು ದೂರವೂ ತನ್ನದೇ ಜಮೀನು ಎನಿಸುತ್ತದೆ. ಬೆಲ್ಮಾಂಟಿನಲ್ಲಿಯೂ ಅದು ಇದೆ. ಗೊತ್ತಿಲ್ಲದೆ ಅಂಚಿನವರೆಗೆ ನಡೆದು ಹೋದ ನನ್ನನ್ನು ನನ್ನ ಹೆಂಡತಿ ತೋಳು ಹಿಡಿದು ನಿಲ್ಲಿಸಿದಳು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ತೋಟಗಾರಿಕೆ ಅಧಿಕಾರಿ,
ಮೈಸೂರು